ನಲವತ್ತೊಂದನೆಯವರು

೧೦ ನವೆಂಬರ್ ೨೦೨೪, ಭಾನುವಾರ, ಭಾಲ್ಕಿ

ಬೆಳಿಗ್ಗೆ ಮಹಾಮಾಯಾ ಫೋನ್ ಮಾಡಿದ್ದಳು. ನನ್ನ ಗುರುಗಳಾದ ಗೋರಖನಾಥ ಸರ್ ಅವರ ಮಗಳು, ಔರಾದಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಮಾತನ್ನೂ ಪ್ರಯೋಗಶಾಲೆಯ ಆಸಿಡ್ಡಿನಂತೆ ಹನಿ ಎಣಿಸಿ ಹಾಕುವವಳು.

ಜನವರಿ ಹನ್ನೆರಡಕ್ಕೆ ಸರ್ ತೀರಿಕೊಂಡು ಒಂದು ವರ್ಷ. ಅಂದು ಬೀದರದ ಮನೆಯಲ್ಲಿ ಪುಣ್ಯಾನುಮೋದನ, ನಮ್ಮ ಬೌದ್ಧ ಮನೆಗಳಲ್ಲಿ ಮಾಡುವ ವರ್ಷದ ಸ್ಮರಣೆ. ಅಷ್ಟರೊಳಗೆ ಸರ್ ಬರೆದಿಟ್ಟ ಬೀದರ ಸೀಮೆಯ ಪದಕೋಶವನ್ನು ಅಚ್ಚಿಗೆ ಸಿದ್ಧ ಮಾಡಬೇಕಂತೆ. ಎಲ್ಲವೂ ಒಂದು ಸಿ.ಡಿ.ಯಲ್ಲಿದೆ. ಅವಳ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ರಾಶಿ ಕಾಣುತ್ತದಂತೆ. ಅಪ್ಪನ ಶಿಷ್ಯರಲ್ಲಿ ಈ ವಿಷಯ ಬಲ್ಲವರು ನೀವೊಬ್ಬರೇ, ಬಂದು ಕೂಡಬೇಕು ಎಂದಳು.

ಬಲ್ಲವನು ನಾನೊಬ್ಬನೇ, ನಿಜ. ಅದೇ ತೊಂದರೆ.

ಈ ವಹಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲ, ಹೀಗಾಗಿ ಬರೆದೇಬಿಡುತ್ತೇನೆ. ೨೦೦೪ರಲ್ಲಿ ಸರ್ ಆ ಪದಕೋಶದ ಮುದ್ರಿಸಿದ ಹಾಳೆಗಳ ಕಟ್ಟು ಕೊಟ್ಟು, ತಪ್ಪು ತಿದ್ದಿಕೊಡು ಅನೀಲಕುಮಾರ ಎಂದರು. ತಿದ್ದಿಕೊಟ್ಟೆ. ಕೊಡುವ ಮೊದಲು ಒಂದು ಜೆರಾಕ್ಸ್ ತೆಗೆಸಿಟ್ಟುಕೊಂಡೆ. ೨೦೦೬ರಲ್ಲಿ ಬಂದ ನನ್ನ ಪುಸ್ತಕದ ಮುಕ್ಕಾಲು ಪಾಲು ಆ ಕಟ್ಟಿನದು. ನನಗೆ ಸಿಕ್ಕ ಹೆಸರು, ಶಾಲು, ಸಭೆಯ ಮೊದಲ ಸಾಲಿನ ಕುರ್ಚಿ ಎಲ್ಲವೂ ಆ ಪುಸ್ತಕದಿಂದಲೇ. ಬಿಡುಗಡೆಗೆ ಸರ್ ಬಂದಿದ್ದರು, ಚಪ್ಪಾಳೆ ಹೊಡೆದರು, ಊಟ ಮಾಡಿ ಹೋದರು. ಆ ಬಗ್ಗೆ ಸಾಯುವವರೆಗೂ ಒಂದು ಮಾತು ಆಡಲಿಲ್ಲ.

ಮುಂದಿನ ಭಾನುವಾರ ಬರುತ್ತೇನೆ ಎಂದಿದ್ದೇನೆ. ಆ ಫೈಲುಗಳು ತೆರೆಯದಿದ್ದರೆ ಎಲ್ಲರಿಗೂ ಒಳ್ಳೆಯದು.

೧೭ ನವೆಂಬರ್, ಭಾನುವಾರ

ಬೀದರಕ್ಕೆ ಹೋಗಿ ಬಂದೆ. ದೇವರ ದಯೆ ಎನ್ನುವ ಅಭ್ಯಾಸ ನಮ್ಮ ಮನೆತನದಲ್ಲಿಲ್ಲ, ಇದ್ದಿದ್ದರೆ ಇವತ್ತು ಎನ್ನುತ್ತಿದ್ದೆ. ಫೈಲುಗಳು ಬರೀ ಕಸ. ಸಿ ಅಕ್ಷರ, ಪೌಂಡಿನ ಚಿಹ್ನೆ, ತಲೆಯ ಮೇಲೆ ಕೋಡು ಮೂಡಿದ ಎ, ಮತ್ತೆ ಪೌಂಡು. ಸರ್ ಬಳಸಿದ ಅಕ್ಷರಗಳ ತಂತ್ರಾಂಶಕ್ಕೆ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ ಒಂದು ಬೀಗವಿತ್ತು. ಹಳೆಯ ಕಂಪ್ಯೂಟರ್ ಗುಜರಿಗೆ ಹೋದಾಗ ಬೀಗವೂ ಹೋಯಿತು. ಅಂತರ್ಜಾಲದಲ್ಲಿ ಸಿಗುವ ಪರಿವರ್ತಕಕ್ಕೆ ಹಾಕಿದರೆ ಅತ್ತ ಕನ್ನಡವೂ ಅಲ್ಲದ, ಇತ್ತ ಇಂಗ್ಲಿಷೂ ಅಲ್ಲದ ಏನೋ ಒಂದು ಬಂತು.

ಅಂಕಿಗಳು ಮಾತ್ರ ನೆಟ್ಟಗೆ ಕಾಣುತ್ತಿದ್ದವು. ಪ್ರತಿಯೊಂದು ನಮೂದಿನ ಕೊನೆಗೆ ಒಂದು ಅಂಕಿ: ೧೭, ೪೧, ೪೧, ೮, ೪೧. ಅವು ಆ ಪದವನ್ನು ಬಳಸಿ ತೋರಿಸಿದವರಿಗೆ ಸರ್ ಹೆಸರಿನ ಬದಲು ಕೊಟ್ಟ ಕ್ರಮಸಂಖ್ಯೆಗಳು. ನನ್ನ ಜೆರಾಕ್ಸಿನಲ್ಲೂ ಇವೆ, ಪುಸ್ತಕ ಮಾಡುವಾಗ ನಾನು ಅವನ್ನೆಲ್ಲ ಕಿತ್ತುಹಾಕಿದೆ. ಉದಾಹರಣೆಯ ವಾಕ್ಯಗಳು ಲೇಖಕನವೇ ಎಂದು ಓದುವವರು ತಿಳಿದರು. ನಾನೂ ತಿದ್ದಲಿಲ್ಲ.

ಮಹಾಮಾಯಾ ಫೈಲುಗಳ ಪಕ್ಕದ ತಾರೀಖನ್ನು ಓದಿ ಹೇಳಿದಳು. ೨೦೦೩, ೨೦೦೪. ಆಮೇಲೆ ಒಂದೂ ಇಲ್ಲ, ಅಪ್ಪ ಆಮೇಲೆ ಯಾಕೆ ನಿಲ್ಲಿಸಿದರೋ ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಕನ್ನಡಕ ತೆಗೆದು ಒರೆಸಿದೆ. ಇದು ಆಗದ ಕೆಲಸ ತಂಗಿ, ಸುಮ್ಮನೆ ಆಸೆ ಇಟ್ಟುಕೊಳ್ಳಬೇಡ ಎಂದು ಗಂಭೀರವಾಗಿ ಹೇಳಿ ಎದ್ದೆ.

ಮನೆಗೆ ಬಂದು ಒಂದು ರೊಟ್ಟಿ ಹೆಚ್ಚಿಗೆ ತಿಂದೆ.

೧೯ ನವೆಂಬರ್

ಸಿ.ಡಿ.ಯ ಹೊದಿಕೆಯೊಳಗೆ ಸರ್ ಕೈಬರಹದಲ್ಲಿ "ಹಬೀಬ ಅವರಲ್ಲಿ ಇಳಿಸಿದ್ದು" ಎಂದು ಇದೆಯಂತೆ. ಮಹಾಮಾಯಾ ಬೀದರದ ಅಡತಿ ಪೇಟೆಯಾದ ಗಾಂಧಿ ಗಂಜಿಗೆ ಹೋಗಿ ವಿಚಾರಿಸಿ ಆ ಮನುಷ್ಯನನ್ನು ಹುಡುಕಿಯೇಬಿಟ್ಟಿದ್ದಾಳೆ. ವಿಜ್ಞಾನದವರ ಜೊತೆ ಇದೇ ಕಷ್ಟ, ಆಗುವುದಿಲ್ಲ ಎಂದರೆ ಯಾಕೆ ಆಗುವುದಿಲ್ಲ ಎಂದು ನೋಡಲು ಹೋಗುತ್ತಾರೆ.

೨೪ ನವೆಂಬರ್, ಭಾನುವಾರ

ಇವತ್ತು ಕಂಡದ್ದನ್ನು ಕಂಡ ಹಾಗೆ ಬರೆಯಬೇಕು.

ಹಬೀಬಭಾಯಿಗೆ ಅರವತ್ತೇಳು. ಒಂದು ಕಾಲಕ್ಕೆ ಗಂಜಿನಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟಿದ್ದರು. ಲಗ್ನಪತ್ರಿಕೆ, ಅಡತಿ ಅಂಗಡಿಯ ಚೀಟಿ, ಸತ್ತವರ ಹದಿಮೂರನೆಯ ದಿನದ ಕಾರ್ಡು ಎಲ್ಲ ಅಲ್ಲೇ ಆಗುತ್ತಿತ್ತು. ಈಗ ತಮ್ಮನ ಬಾರದಾನ ಅಂಗಡಿಯಲ್ಲಿ ಖಾಲಿ ಚೀಲಗಳ ನಡುವೆ ಕೂಡುತ್ತಾರೆ. ಮಹಾಮಾಯಾ ಲ್ಯಾಪ್‌ಟಾಪನ್ನು ಒಂದು ಚೀಲದ ಥಪ್ಪಿಯ ಮೇಲೆ ಇಟ್ಟಳು. ಹೊರಗೆ ಹಮಾಲರು ಸೋಯಾ ಇಳಿಸುತ್ತಿದ್ದರು, ಧೂಳಿಗೆ ನನಗೆ ಸೀನು ಹತ್ತಿತು. ಕಣ್ಣಿನ ಆಪರೇಷನ್ ಆಗಿದೆ, ಅಕ್ಷರ ಜರಾ ದೊಡ್ಡದು ಮಾಡಿರಿ ಎಂದು ಅವರು ಕೇಳಿದರು. ಮಾಡಿದಳು. ಅವರು ಆ ಕಸದ ರಾಶಿಯನ್ನು ಒಮ್ಮೆ ನೋಡಿ, ದಿನಪತ್ರಿಕೆ ಓದುವ ಹಾಗೆ ಓದತೊಡಗಿದರು.

"ನಿವಾಂತ. ಅವಸರವಿಲ್ಲದ ನೆಮ್ಮದಿ. ಎಲ್ಲಾರಿಗಿ ಉಣಿಸಿ, ಭಾಂಡಿ ತಿಕ್ಕಿ, ನಿವಾಂತ ಕೂಡ್ತೇನಿ ಅಂದ್ರ, ನಿದ್ದಿ ನನಗಿಂತ ಮೊದಲ ಬಂದು ಕುಂತಿರ್ತದ. ನಲವತ್ತೊಂದು."

ನಾನು ಮೂವತ್ತು ವರ್ಷ ಕನ್ನಡ ಕಲಿಸಿದವನು, ಬಾಯಿ ಬಿಟ್ಟುಕೊಂಡು ಕುಳಿತೆ. ಇದನ್ನು ಹೇಗೆ ಓದಿದಿರಿ ಎಂದು ಮಹಾಮಾಯಾ ಕೇಳಿದಳು.

"ಪೌಂಡ್ ಅಂದ್ರ ನ, ಸಿ ಅಂದ್ರ ಅ ರೀ ಬೇಟಿ. ಆ ಬೀಗ ಕೆಟ್ಟಾಗೆಲ್ಲಾ ಪರದೆ ಮ್ಯಾಲ ಹಿಂಗೇ ಬರ್ತಿತ್ತು. ಲಗ್ನದ ಸೀಜನ್‌ದಾಗ ಗಿರಾಕಿ ನಿಲ್ತಾರೇನ್ರಿ? ಹಿಂಗೇ ಓದಿ, ಹಿಂಗೇ ತಿದ್ದಿ ಕೊಡ್ತಿದ್ದೆ. ನಂದು ಉರ್ದೂ ಸಾಲಿ. ಖರೇ ಹೇಳಬೇಕಂದ್ರ ಕನ್ನಡ ನಾ ಮೊದಲ ಕಲ್ತಿದ್ದೇ ಇದರಾಗ."

ಮಹಾಮಾಯಾ ಕೂಡಲೇ ಚೀಲದಿಂದ ಶಾಲೆಯ ರೆಕಾರ್ಡ್ ಬುಕ್ ತೆಗೆದು ಎರಡು ಕಂಬ ಗೆರೆ ಎಳೆದಳು. ಒಂದರಲ್ಲಿ ಚಿಹ್ನೆ, ಇನ್ನೊಂದರಲ್ಲಿ ಅವರು ಹೇಳಿದ ಅಕ್ಷರ. ಸಂಜೆಯ ಹೊತ್ತಿಗೆ ತೊಂಬತ್ತು ಚಿಹ್ನೆಗಳಾಗಿದ್ದವು. ಇಡೀ ಕೋಷ್ಟಕ ಮುಗಿದರೆ ಕಂಪ್ಯೂಟರಿಗೆ ಕೊಟ್ಟು ಎಲ್ಲ ಫೈಲುಗಳನ್ನೂ ಒಮ್ಮೆಲೇ ಬದಲಾಯಿಸಬಹುದಂತೆ.

ನಾನು ಹೆದರಬೇಕಿತ್ತು. ಹೆದರಿದೆನೂ ಹೌದು. ಆದರೆ ಆ ಮನುಷ್ಯನನ್ನು ನೋಡುತ್ತ ಕುಳಿತ ಮೂರು ತಾಸು ಅದು ನೆನಪಿಗೆ ಬರಲಿಲ್ಲ.

೧ ಡಿಸೆಂಬರ್, ಭಾನುವಾರ

ಒತ್ತಕ್ಷರಗಳ ದಿನ. ಒತ್ತು ಮುಂದೆ ಬರುವ ಬದಲು ಹಿಂದೆ ಬರುತ್ತದೆ, ಅರ್ಕಾವತ್ತು ಎಲ್ಲಿಗೋ ಹಾರುತ್ತದೆ. ಹಬೀಬಭಾಯಿ ಒಂದೊಂದನ್ನೂ ಕಣ್ಣು ಮುಚ್ಚಿ, ಬೆರಳನ್ನು ತೊಡೆಯ ಮೇಲೆ ಬಡಿದು, ಯಾವ ಕೀಲಿ ಒತ್ತುತ್ತಿದ್ದರು ಎಂದು ನೆನೆಸಿಕೊಂಡು ಹೇಳುತ್ತಾರೆ. ಹದಿನೈದು ವರ್ಷದ ಹಿಂದೆ ಬಿಟ್ಟ ಕೆಲಸ. ಬೆರಳು ಮರೆತಿಲ್ಲ.

ಸರ್ ಅವರ ಬಗ್ಗೆಯೂ ಹೇಳಿದರು. ಸರ್ ಸಂಜೆ ಆರಕ್ಕೆ ಬಂದು ಎರಡೇ ಬೆರಳಿನಲ್ಲಿ ತಾವೇ ಒತ್ತುತ್ತಿದ್ದರಂತೆ. ನಾನೇ ಮಾಡಿಕೊಡುತ್ತೇನೆ ಎಂದರೆ, ಹೇಳಿದವರ ಧ್ವನಿ ಇನ್ನೂ ಕಿವಿಯಲ್ಲಿದೆ, ನಡುವೆ ಇನ್ನೊಬ್ಬರು ಬಂದರೆ ಕೆಡುತ್ತದೆ ಎನ್ನುತ್ತಿದ್ದರಂತೆ. ಒಂದೊಂದು ಪದಕ್ಕಾಗಿ ಭಾತಂಬ್ರಾಕ್ಕೆ ಎರಡೆರಡು ಸಲ ಬಸ್ಸಿನಲ್ಲಿ ಹೋಗಿ ಬಂದದ್ದಿದೆಯಂತೆ. ನಾನು ಒಂದು ದಿನ ಮಧ್ಯಾಹ್ನ ಜೆರಾಕ್ಸ್ ಅಂಗಡಿಗೆ ಹೋಗಿ ಬಂದಿದ್ದೆ.

೮ ಡಿಸೆಂಬರ್, ಭಾನುವಾರ

ಕೋಷ್ಟಕ ಮುಗಿಯಿತು, ಇನ್ನೂರ ಹದಿನಾಲ್ಕು ಚಿಹ್ನೆಗಳು. ಮಹಾಮಾಯಾ ಗುಂಡಿ ಒತ್ತಿದಳು. ಕಸದ ರಾಶಿ ಕರಗಿ ಕನ್ನಡ ಬಂತು. ಹಬೀಬಭಾಯಿ ಅದನ್ನು ನೋಡಿ ಸ್ವಲ್ಪ ಬೇಸರದಿಂದ, ಈಗ ನನಗೆ ಓದಲು ತಡವಾಗುತ್ತದೆ ಎಂದರು. ನಾವು ಮೂವರೂ ನಕ್ಕೆವು.

ಕರಡು ತಿದ್ದುವುದು ನನ್ನ ಪಾಲಿಗೆ ಬಂದಿದೆ. ಪೆನ್ ಡ್ರೈವಿನಲ್ಲಿ ಮನೆಗೆ ತಂದಿದ್ದೇನೆ.

೧೧ ಡಿಸೆಂಬರ್

ಕಾಲೇಜಿನಿಂದ ಬಂದವನು ಚಹಾ ಕುಡಿಯುವುದನ್ನೂ ಮರೆತು ಓದುತ್ತಿದ್ದೇನೆ. ಇಪ್ಪತ್ತು ವರ್ಷದ ಹಿಂದೆ ಇದೇ ಹಾಳೆಗಳನ್ನು ನಕಲು ಮಾಡುವವನ ಅವಸರದಲ್ಲಿ ಓದಿದ್ದೆ, ಆಗ ಕಣ್ಣಿಗೆ ಬಿದ್ದದ್ದು ಪದ ಮತ್ತು ಅರ್ಥ. ಈಗ ವಾಕ್ಯಗಳು ಕಾಣುತ್ತಿವೆ. ಅದರಲ್ಲೂ ಈ ನಲವತ್ತೊಂದನೆಯವರ ವಾಕ್ಯಗಳು.

"ಉಸಾಬರಿ: ಊರ ಉಸಾಬರಿ ಮಾಡ್ದಾಕಿ ಮನ್ಯಾಗಿನ ರೊಟ್ಟಿ ಹೊತ್ತಿಸ್ಕೊಂಡ್ಳು. ೪೧."

"ರಗಡ, ಬೇಕಾದಷ್ಟು: ರಗಡ ಕೊಟ್ಟೆ ಅಂತ ಹೇಳಬ್ಯಾಡ, ಏನ ಕೊಟ್ಟಿ ಅದು ಹೇಳು. ೪೧."

"ಹೈರಾಣ: ಬಿಸಲಿಗಿ ಹೈರಾಣ ಆಗಲ್ಲ ನಾ, ಒಂದ ಮಾತಿಗಿ ಆಗ್ತೇನಿ. ೪೧."

"ಖೂನ, ಗುರುತು: ನಮ್ಮ ಮಂದಿ ಖೂನ ದೂರಿಂದೇ ಹಿಡೀಬೇಕು, ನಡಿಗಿ ನೋಡಿ. ಎದುರಿಗಿ ಬಂದ ಮ್ಯಾಲ ಯಾರರೆ ಹಿಡೀತಾರ. ೪೧."

ಕೊನೆಯದು ನನ್ನ ಪುಸ್ತಕದ ಮೊದಲ ಪುಟದಲ್ಲಿದೆ. ಎಷ್ಟು ಸಭೆಗಳಲ್ಲಿ ಅದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೋ ಲೆಕ್ಕವಿಲ್ಲ. ಹೇಳಿ ಹೇಳಿ ನಾನೇ ಬರೆದೆ ಎಂದು ನನಗೇ ಅನ್ನಿಸಿಬಿಟ್ಟಿತ್ತು.

ಇದು ಪಂಡಿತರ ಮಾತಲ್ಲ, ಗಾದೆಯೂ ಅಲ್ಲ. ಬದುಕಿದವರು ಆಡಿದ ಮಾತು. ಹೆಂಗಸು ಎಂಬುದು ಖಚಿತ. ಕೂಲಿಗೆ ಹೋದವಳು ಎಂದೂ ಅನ್ನಿಸುತ್ತದೆ. ಭಾತಂಬ್ರಾದವಳಿರಬಹುದೇ? ಬದುಕಿದ್ದಾಳೆಯೇ?

೧೩ ಡಿಸೆಂಬರ್

ತರಗತಿಯಲ್ಲಿ ಒಬ್ಬ ಹುಡುಗಿ "ಮನಿಗಿ ಹೋಗ್ತೇನಿ ಸರ್" ಎಂದಳು. "ಮನೆಗೆ ಹೋಗುತ್ತೇನೆ" ಎಂದು ತಿದ್ದಲು ಬಾಯಿ ತೆರೆದವನು ಸುಮ್ಮನಾದೆ. ಈ ತಿದ್ದುವ ಚಟ ನನಗೆ ಮೊದಲಿನಿಂದಲೂ ಇದೆ. ಭಾಲ್ಕಿಯಲ್ಲಿ ಮನೆ ಮಾಡಿದ ಹೊಸತರಲ್ಲಿ ಅವ್ವನನ್ನೂ ಬಿಟ್ಟಿರಲಿಲ್ಲ, ಬಂದ ಪ್ರಾಧ್ಯಾಪಕರ ಎದುರಿಗೇ ತಿದ್ದುತ್ತಿದ್ದೆ. ಅವಳು ಆಮೇಲೆ ಜನ ಬಂದರೆ ಒಳಗಿನ ಕೋಣೆಯಲ್ಲೇ ಇರುತ್ತಿದ್ದಳು, ನಮ್ಮೂರು ಎಕಂಬಾದ ನೀರು ಒಗ್ಗಿದ ಮೈ ಇಲ್ಲಿ ಆಗಿಬರುವುದಿಲ್ಲ ಎಂದು ಊರಿಗೆ ಹೋದಳು. ಹೋಗಿ ಹದಿಮೂರು ವರ್ಷವಾಯಿತು, ಈ ಲೋಕದಿಂದಲೇ.

ಹುಡುಗಿ ಪರವಾನಿಗಾಗಿ ಕಾಯುತ್ತ ನಿಂತಿದ್ದಳು. ಹೋಗವ್ವಾ ಎಂದೆ.

೨೨ ಡಿಸೆಂಬರ್, ಭಾನುವಾರ

ಪದಗಳೆಲ್ಲ ಮುಗಿದವು. ಉಳಿದದ್ದು ಒಂದೇ ಫೈಲು. ಅದರಲ್ಲಿ ಹೇಳಿದವರ ಪಟ್ಟಿ ಇದೆ, ಯಾವ ಸಂಖ್ಯೆ ಯಾರದು ಎಂದು. ಅದು ಗುಪ್ತಪದ ಕೇಳುತ್ತದೆ.

ಹಬೀಬಭಾಯಿ ಹಣೆ ಬಡಿದುಕೊಂಡರು. ಗಿರಾಕಿಗಳು ಮರೆಯುತ್ತಾರೆಂದು ಎಲ್ಲರ ಫೈಲಿಗೂ ಅವರು ಇಡುತ್ತಿದ್ದದ್ದು ಒಂದೇ ಗುಪ್ತಪದ, ಅಂಗಡಿಯ ಫೋನ್ ನಂಬರು. ಗಿರಾಕಿ ಮರೆತರೆ ಬೋರ್ಡು ನೋಡಿ ಹೇಳುತ್ತಿದ್ದರು. ಬೋರ್ಡು ಹೋಯಿತು, ಫೋನು ಹೋಯಿತು, ನಂಬರನ್ನು ಈಗ ಅವರೇ ಮರೆತಿದ್ದಾರೆ. ನೆನಪಿಗೆ ಬಂದ ಹಾಗೆ ಹನ್ನೆರಡು ಸಲ ಒತ್ತಿ ನೋಡಿದರು, ಆಗಲಿಲ್ಲ. ಹಳೆಯ ಕಾಗದವೆಲ್ಲ ರದ್ದಿಗೆ ಹೋಗಿದೆ. ಕೊನೆಗೆ ಮಹಾಮಾಯಾ, ಸಂಖ್ಯೆಗಳನ್ನು ಹಾಗೇ ಬಿಟ್ಟು ಅಚ್ಚು ಮಾಡಿಸೋಣ, ಹೆಸರು ಸಿಗದಿದ್ದರೆ ಏನು ಮಾಡಲಾಗುತ್ತದೆ ಎಂದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ನಾನು ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಆ ನಂಬರು ಎಲ್ಲಿದೆ ಎಂದು ನನಗೆ ಗೊತ್ತು. ನನ್ನ ಕಪಾಟಿನ ಕೆಳಗಿನ ಖಾನೆಯಲ್ಲಿರುವ ಜೆರಾಕ್ಸ್ ಕಟ್ಟಿನ ಮೊದಲ ಹಾಳೆಯ ಮೂಲೆಗೆ ಅಂಗಡಿಯ ಠಸ್ಸೆ ಇದೆ: ಹಬೀಬ ಡಿ.ಟಿ.ಪಿ., ಗಾಂಧಿ ಗಂಜ, ಫೋನ್ ನಂಬರು.

೨೩ ಡಿಸೆಂಬರ್

ಠಸ್ಸೆ ಇದೆ. ನಂಬರು ಸ್ಪಷ್ಟವಾಗಿದೆ.

ಫೋನಿನಲ್ಲಿ ನಂಬರನ್ನಷ್ಟೇ ಹೇಳಿಬಿಡಬಹುದು. ಎಲ್ಲಿ ಸಿಕ್ಕಿತು ಅಂದರೆ? ಲಗ್ನಪತ್ರಿಕೆಯಲ್ಲಿ ಎನ್ನಬಹುದು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆದರೆ ಮಹಾಮಾಯಾ ಪತ್ರಿಕೆ ತೋರಿಸಿರಿ ಎನ್ನುವವಳು.

೨೯ ಡಿಸೆಂಬರ್, ಭಾನುವಾರ

ಜ್ವರ ಎಂದು ಹೇಳಿ ಹೋಗಲಿಲ್ಲ. ಜ್ವರ ಇಲ್ಲ.

೨ ಜನವರಿ ೨೦೨೫

ನನ್ನ ಪುಸ್ತಕವನ್ನೂ ಸರ್ ಅವರ ಕರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ನಲವತ್ತೊಂದನೆಯವರ ವಾಕ್ಯಗಳು ಕೋಶದಲ್ಲಿ ಒಟ್ಟು ಮುನ್ನೂರ ಆರು. ಅವುಗಳಲ್ಲಿ ನಾನು ಎತ್ತಿಕೊಂಡದ್ದು ಇನ್ನೂರ ಎಂಬತ್ತು. ಚೆನ್ನಾಗಿರುವುದನ್ನು ಆರಿಸುವ ಕಣ್ಣು ನನಗಿತ್ತು, ಅಷ್ಟು ಒಪ್ಪಿಕೊಳ್ಳಬೇಕು.

ಪಾಪಪ್ರಜ್ಞೆ ಎಂಬುದರ ಜೊತೆ ಹದಿನೆಂಟು ವರ್ಷ ಸುಖವಾಗಿಯೇ ಸಂಸಾರ ಮಾಡಿದ್ದೇನೆ, ಅದು ನನ್ನನ್ನು ಎಬ್ಬಿಸಿ ಬೀದರಕ್ಕೆ ಕಳಿಸುವಷ್ಟು ಗಟ್ಟಿಯಾದದ್ದಲ್ಲ. ಕುಳಿತಲ್ಲಿ ಕೂಡಲು ಬಿಡದೆ ಇರುವುದು ಬೇರೆ. ಆ ಹೆಂಗಸಿನ ಹೆಸರು ನನಗೆ ಬೇಕು. ಅಷ್ಟು ಒಳ್ಳೆಯ ಮಾತು ಆಡಿದವಳು ಬರೀ ಒಂದು ಅಂಕಿಯಾಗಿ ಅಚ್ಚಾದರೆ ಅನ್ಯಾಯ. ಸಿಕ್ಕರೆ ಅವಳ ಊರಿಗೆ ಹೋಗಿ ಬರುತ್ತೇನೆ. ಇಲ್ಲದಿದ್ದರೆ ಮಕ್ಕಳಾದರೂ ಇರುತ್ತಾರೆ, ನಿಮ್ಮ ಅವ್ವ ಎಂಥಾಕೆ ಗೊತ್ತೇನ್ರಪ್ಪಾ ಎಂದು ಹೇಳಿ ಬರುತ್ತೇನೆ.

ಭಾನುವಾರ ಕಟ್ಟು ಒಯ್ಯುತ್ತೇನೆ.

೫ ಜನವರಿ, ಭಾನುವಾರ

ಬಸ್ಸಿನಲ್ಲಿ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡೇ ಹೋದೆ. ಹಬೀಬಭಾಯಿ ಸರ್ ಮನೆಗೇ ಬಂದಿದ್ದರು. ನಾನು ಕಟ್ಟನ್ನು ಲ್ಯಾಪ್‌ಟಾಪಿನ ಪಕ್ಕ ಇಟ್ಟು, ಇದು ನಿಮ್ಮ ಅಪ್ಪನ ಹಾಳೆಗಳ ಜೆರಾಕ್ಸ್, ಕೇಳದೆ ತೆಗೆಸಿದ್ದು, ನನ್ನ ಪುಸ್ತಕ ಇದರಿಂದ ಆದದ್ದು ಎಂದೆ. ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ.

ಮಹಾಮಾಯಾ ಮೊದಲ ಹಾಳೆ ತಿರುವಿದಳು, ಎರಡನೆಯದು ತಿರುವಿದಳು.

"ನಿಮ್ಮ ಪುಸ್ತಕ ಓದೇನಿ ರೀ ಅಣ್ಣಾ. ಅಪ್ಪಾಜಿ ಹಾಸಿಗಿ ಮಗ್ಗಲಿಗೇ ಇತ್ತು. ನಿಮಗೇ ಯಾಕ ಫೋನ್ ಮಾಡ್ದೆ ಅಂತ ತಿಳಿದಿರಿ?"

ಅವಳು ಅಳಲೂ ಇಲ್ಲ, ಬೈಯಲೂ ಇಲ್ಲ, ಕ್ಷಮಿಸಿದೆ ಎಂದೂ ಅನ್ನಲಿಲ್ಲ. ಒಂದು ಗ್ಲಾಸು ನೀರು ತಂದಿಟ್ಟು, ನಂಬರ್ ಓದಿರಿ ಎಂದಳು. ಓದಿದೆ. ಫೈಲು ತೆರೆಯಿತು.

ಅದೇ ಕಸ. ಕೋಷ್ಟಕ ಹಾಕಲು ಎರಡು ನಿಮಿಷ ಸಾಕಿತ್ತು, ಆದರೆ ಹಬೀಬಭಾಯಿ ಆಗಲೇ ಪರದೆಗೆ ಮುಖ ಹಚ್ಚಿದ್ದರು. ತಮಗೆ ಬರುವ ಲಿಪಿಯನ್ನು ಕೊನೆಯ ಸಲ ಓದುವ ಆಸೆ ಅವರಿಗೆ. ಒಂದರಿಂದ ಓದುತ್ತ ಹೋದರು. ಸುಭದ್ರಾಬಾಯಿ, ಭಾತಂಬ್ರಾ. ನಜಮೋದ್ದೀನ, ಹಮಾಲ, ಗಾಂಧಿ ಗಂಜ. ನಾನು ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದೆ. ನಲವತ್ತಕ್ಕೆ ಬಂದಾಗ ಹಾಳೆ ತಿರುವಿ ಹೊಸ ಪುಟದ ಮೇಲೆ ೪೧ ಎಂದು ಮೊದಲೇ ಬರೆದು ಕಾದೆ.

"ನಲವತ್ತೊಂದು," ಎಂದು ಹಬೀಬಭಾಯಿ ಕಣ್ಣು ಕಿರಿದು ಮಾಡಿದರು. "ಸಿ ಅದ. ಅಂ. ಜ. ನಾ. ಬಾಯಿ. ಅಂಜನಾಬಾಯಿ ರೀ. ಎಕಂಬಾ."

ಎಕಂಬಾದಲ್ಲಿ ಆ ಹೆಸರಿನವರು ಇನ್ನೊಬ್ಬರು ಇರಬಹುದೇ ಎಂದು ಮೊದಲು ಯೋಚಿಸಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಮೊದಲು ಬಂದ ಯೋಚನೆ ಅದೇ. ಉಳಿದ ಹೆಸರುಗಳಿಗೆ ಒಂದೊಂದೇ ಸಾಲು ಇತ್ತು. ಇದಕ್ಕೆ ಕೆಳಗೆ ಇನ್ನೂ ಇತ್ತು. ಹಬೀಬಭಾಯಿ ಓದುತ್ತ ಹೋದರು. ಆಮೇಲೆ ಮಹಾಮಾಯಾ ಕೋಷ್ಟಕ ಹಾಕಿ ತೆಗೆದುಕೊಟ್ಟ ಹಾಳೆ ಈಗ ನನ್ನ ಮುಂದಿದೆ, ಅದನ್ನು ನೋಡಿ ಇಲ್ಲಿ ಬರೆಯುತ್ತೇನೆ.

"೪೧. ಅಂಜನಾಬಾಯಿ, ಎಕಂಬಾ. ಕೂಲಿ. ಅಕ್ಷರ ಬಾರದು. ನಾನು ಕೇಳಿದವರಲ್ಲೆಲ್ಲ ದೊಡ್ಡ ಮಾತುಗಾರ್ತಿ. ಹೆಸರು ಹಾಕುತ್ತೇನೆ ಎಂದಾಗ ಹೀಗೆಂದರು: 'ಬ್ಯಾಡ್ರಿ ಸರ್. ನಮ್ಮ ಅನೀಲ ಕಾಲೇಜದಾಗ ಕನ್ನಡ ಕಲಸ್ತಾನ. ನನ್ನ ಮಾತಿಗಿ ಅವನಿಗಿ ನಾಚಿಕಿ ಬರ್ತದ. ಬೇಕಾದ್ರ ಒಂದು ನಂಬರ್ ಹಾಕ್ರಿ.' ಅವರೊಬ್ಬರಿಗೇ ಸಂಖ್ಯೆ ಹಾಕಿದರೆ ಗುರುತು ಸಿಕ್ಕೀತೆಂದು ಎಲ್ಲರಿಗೂ ಸಂಖ್ಯೆ ಹಾಕಿದ್ದೇನೆ."

ಹಬೀಬಭಾಯಿ ಓದಿ ಮುಗಿಸಿ, ಯಾವ ಅನೀಲ ಇರಬೇಕು ಎಂದು ನನ್ನನ್ನೇ ಕೇಳಿದರು.

೬ ಜನವರಿ

ಕಾಲೇಜಿಗೆ ಹೋಗಲಿಲ್ಲ. ೨೦೦೩ರ ಸುಮಾರಿಗೆ ಒಂದು ಸಲ ಎಕಂಬಾಕ್ಕೆ ಹೋದಾಗ ಅವ್ವ, ನಿಮ್ಮ ಸರ್ ಬಂದಿದ್ದರು, ಚಾ ಕುಡಿದು ಹೋದರು ಎಂದಿದ್ದಳು. ನನ್ನ ಮೇಲೆ ಚಾಡಿ ಹೇಳಲು ಬಂದಿದ್ದಾರೆ ಎಂದುಕೊಂಡು, ಏನು ಮಾತಾಡಿದಿ ಎಂದು ಗದರಿಸಿ ಕೇಳಿದ್ದೆ. ಏನಿಲ್ಲಪ್ಪಾ, ಹಿಂಗೇ ಎಂದಿದ್ದಳು.

ಮುನ್ನೂರ ಆರು ಮಾತು. ಒಂದನ್ನೂ ನಾನು ಅವಳ ಬಾಯಿಂದ ಕೇಳಲಿಲ್ಲ, ಕೇಳಿದ್ದರೆ ತಿದ್ದುತ್ತಿದ್ದೆ. ಖೂನ ದೂರಿಂದೇ ಹಿಡೀಬೇಕು ಎಂದಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮೂವತ್ತು ವರ್ಷ ಹುಡುಗರಿಗೆ ವಿವರಿಸಿದವನು ನಾನು.

೯ ಜನವರಿ

ಪ್ರಕಾಶಕರಿಗೆ ಕಾಗದ ಹಾಕಿದೆ, ನನ್ನ ಪುಸ್ತಕ ಇನ್ನು ಅಚ್ಚು ಮಾಡಬೇಡಿರಿ ಎಂದು. ಯಾಕೆ ಎಂಬುದನ್ನೂ ಬರೆದೆ. ಕೋಶದ ಕರಡಿನಲ್ಲಿ ಅಂಕಿಗಳಿದ್ದಲ್ಲೆಲ್ಲ ಹೆಸರು ಬರಬೇಕು ಎಂದು ಮೂವರೂ ನಿಶ್ಚಯಿಸಿದೆವು. ಮಹಾಮಾಯಾ ಒಂದೇ ಗುಂಡಿಯಲ್ಲಿ ಮಾಡಿಬಿಡುತ್ತೇನೆ ಎಂದಳು. ನಲವತ್ತೊಂದನ್ನು ನನಗೆ ಬಿಡು ಎಂದೆ. ಮುನ್ನೂರ ಆರು ಸಲ ಅಂಜನಾಬಾಯಿ ಎಂದು ಬೆರಳಿಂದಲೇ ಒತ್ತಿದೆ. ಎರಡು ದಿನ ಹಿಡಿಯಿತು.

೧೨ ಜನವರಿ, ಭಾನುವಾರ, ಬೀದರ

ಪುಣ್ಯಾನುಮೋದನಕ್ಕೆ ಅಂಗಳ ತುಂಬ ಜನ. ಔರಾದಿನವರು, ಎಕಂಬಾದವರು, ಗಂಜಿನ ಹಮಾಲರು, ನನ್ನ ಕಾಲೇಜಿನವರೂ ನಾಲ್ಕು ಜನ. ತ್ರಿಸರಣ, ಪಂಚಶೀಲ ಮುಗಿದ ಮೇಲೆ ಮಹಾಮಾಯಾ ಕೋಶದ ಕಟ್ಟನ್ನು ಸರ್ ಅವರ ಫೋಟೊದ ಮುಂದೆ ಇಟ್ಟಳು. ಹಬೀಬಭಾಯಿಯನ್ನು ಮುಂದೆ ಕರೆದು ಕೂಡಿಸಿದಳು. ಆಮೇಲೆ ನನ್ನ ಕಡೆ ನೋಡಿ ಮಾತಾಡಿರಿ ಎಂದಳು.

ಭಾಷಣಕ್ಕೆ ಚೀಟಿ ಬರೆದುಕೊಳ್ಳದೆ ನಾನು ಎಲ್ಲಿಯೂ ಎದ್ದವನಲ್ಲ. ಇವತ್ತು ಒಯ್ದಿರಲಿಲ್ಲ.

"ನಾ ಎಕಂಬಾದ ಅಂಜನಾಬಾಯಿ ಮಗ ರೀ," ಎಂದೆ.

ಜೆರಾಕ್ಸಿನ ಸುದ್ದಿ, ಪುಸ್ತಕದ ಸುದ್ದಿ, ನಂಬರಿನ ಸುದ್ದಿ, ಒಂದೂ ಬಿಡಲಿಲ್ಲ. ಕಾಲೇಜಿನವರು ತಲೆ ತಗ್ಗಿಸಿ ಕುಳಿತಿದ್ದರು. ಎಕಂಬಾದ ಒಬ್ಬ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಡುವೆ ಒಮ್ಮೆ ಹಬೀಬಭಾಯಿ ನೀರು ಕೊಟ್ಟರು. ಎಲ್ಲಾ ಅವ್ವನ ಮಾತಿನ್ಯಾಗೇ ಹೇಳ್ದೆ, ಒಂದರೆ ತಿದ್ದಲಿಲ್ಲ.